ಈರಮ್ಮನ ಮನಿಯ ಉಲ್ಟಾ ಫ್ಯಾನು

ಹೋದ ಬ್ಯಾಸಿಗ್ಯಾಗ ಈರಮ್ಮ ಎರ್ರಣ್ಣನ ಅಂಗಡಿ ಮುಂದ ನಿಂತು ಬೈದದ್ದನ್ನ ಸಿರುಗುಪ್ಪದ ಮಂದಿ ಇನ್ನೂ ಮರೆತಿಲ್ಲ. ಅಂತಿಂಥ ಬೈಗುಳಲ್ಲ ಅದು. ಎದುರಿನ ಕಿರಾಣಿ ಅಂಗಡಿಯಂವ ತಕ್ಕಡಿ ಕೆಳಗಿಟ್ಟು ಕೇಳಿದ. ಬಳ್ಳಾರಿಗೆ ಹೋಗಾಕ ಬಂದವರು ಬಂದ ಬಸ್ಸು ಬಿಟ್ಟು ನಿಂತು ಕೇಳಿದರು.

ಸಿಟ್ಟಿಗೆ ಕಾರಣ ಒಂದು ಸೀಲಿಂಗ್ ಫ್ಯಾನು. ಸುಟ್ಟುಹೋಗಿತ್ತು, ಎರ್ರಣ್ಣ ಹೊಸಾ ತಂತಿ ಸುತ್ತಿ ಕೊಟ್ಟಿದ್ದ. ಮನಿಗೆ ತಂದು, ಏಣಿ ತರಿಸಿ, ಅಷ್ಟೆತ್ತರದ ಮಾಳಿಗಿಗೆ ತೂಗಹಾಕಿ ಸ್ವಿಚ್ ಒತ್ತಿದರ ಫ್ಯಾನು ತಿರುಗತೈತಿ, ಗಾಳಿ ಮಾತ್ರ ಕೆಳಗ ಬರಂಗಿಲ್ಲ. ಪುಣ್ಯಾತ್ಮ ತಂತಿ ಹಿಂದುಮುಂದು ಜೋಡಿಸಿಬಿಟ್ಟಿದ್ದ. ಉಲ್ಟಾ ತಿರುಗೋ ಫ್ಯಾನು ಗಾಳಿನೆಲ್ಲ ಮ್ಯಾಲಕ್ಕ ಎಳಕೊಂತಿತ್ತು.

“ತಿರುಗತೈತಲ್ಲಮ್ಮಾ, ಮತ್ತೇನು?” ಅಂದ ಎರ್ರಣ್ಣ.

“ತಿರುಗಾಕ ಹುಚ್ಚುನಾಯೀನೂ ತಿರುಗತೈತಿ. ನಾ ಕೇಳಿದ್ದು ಗಾಳಿ.”

“ಬಿಚ್ಚಿ ತಂದುಕೊಡ್ರಿ, ಸರಿ ಮಾಡತೀನಿ.”

“ಕೆಡಿಸಿದಂವ ನೀನು. ನೀನ ಬಂದು ಬಿಚ್ಚು.”

ಎರ್ರಣ್ಣ ಅಷ್ಟೆತ್ತರ ಹತ್ತಂಗಿಲ್ಲ ಅಂದ. ಈರಮ್ಮ ಬಿಚ್ಚಿ ತರಂಗಿಲ್ಲ ಅಂದ್ಲು. ಇಬ್ಬರ ಹಟಾನೂ ಗೆದ್ದು, ಫ್ಯಾನು ಮಾತ್ರ ಅಲ್ಲೇ ಜೋತಾಡಿಕೊಂತ ಉಳೀತು. ಆಕಿ ಮಗ ಶೇಖರ್ ಒಂದು ಟೇಬಲ್ ಫ್ಯಾನು ತಂದು ಆ ಬ್ಯಾಸಿಗಿ ಹೆಂಗೋ ದಾಟಿಸಿದ.

ಆ ಎತ್ತರದ ಬಗ್ಗೆ ಒಂದು ಮಾತು ಹೇಳಬೇಕು. ಶೇಖರ್ ಊರ ಹೊರಗಿನ ಒಂದು ರೈಸ್ ಮಿಲ್ಲಿನ್ಯಾಗ ಡ್ರೈಯರ್ ನೋಡಿಕೊಳ್ಳಂವ. ಕುದಿಸಿದ ಭತ್ತಕ್ಕ ಬಿಸಿಗಾಳಿ ಬಿಟ್ಟು ಒಣಗಿಸೋ ಕೆಲಸ. ಮಾಲಕರು ಇವರಿಗೆ ಇರಾಕ ಅಂತ ಹಳೇ ಗೋದಾಮಿನ ಒಂದು ಅಂಕಣಕ್ಕ ಗ್ವಾಡಿ ಕಟ್ಟಿಸಿ ಕೊಟ್ಟಿದ್ದರು. ಮನುಷ್ಯಾರಿಗೆ ಕಟ್ಟಿದ ಮನಿ ಅಲ್ಲ ಅದು, ಭತ್ತದ ಚೀಲಕ್ಕ ಕಟ್ಟಿದ್ದು. ಚೀಲದ ಮ್ಯಾಲ ಚೀಲ ಒಟ್ಟಿದರ ಹಿಡೀಬೇಕಲ್ಲ, ಹಂಗಾಗಿ ಮಾಳಿಗಿ ಎಲ್ಲೋ ಆಕಾಶದಾಗ.

ಈರಮ್ಮ ಬಾಣಂತ್ಯಾರಿಗೆ, ಕೂಸುಗಳಿಗೆ ನೀರು ಎರೆಯಾಕಿ. ಎಣ್ಣಿ ತಿಕ್ಕಿ, ಸುಡುಸುಡು ನೀರು ಹಾಕಿ, ಕೂಸನ್ನ ಕಾಲ ಮ್ಯಾಲ ಮಲಗಿಸಿಕೊಂಡು ಮೈ ನೀವೋದು. ಆಕಿ ಕೈಯಾಗ ನೀರು ಹಾಕಿಸಿಕೊಂಡ ಹುಡುಗರು ಇವತ್ತು ಮೀಸಿ ತಿರುವಿಕೊಂತ ಬೈಕಿನ ಮ್ಯಾಲ ಅಡ್ಡಾಡತಾರ. ಕೆಲವು ಮನ್ಯಾಗ ಈಕಿನ್ನ ಹಿಂದಿನ ಬಾಗಿಲಿಂದ ಕರೀತಾರ. ಹಸಿಗೂಸನ್ನ ಕೈಯಾಗ ಕೊಡತಾರ, ಕುಡಿಯಾಕ ನೀರು ಕೇಳಿದರ ಮ್ಯಾಲಿಂದ ಹುಯ್ಯತಾರ. ಅಂಥಲ್ಲಿ ಈರಮ್ಮ ಎರಡನೇ ದಿನ ಹೋಗಂಗಿಲ್ಲ. ಮಂದಿ ಕಳಿಸಿ ಕರೆದರೂ ಹೋಗಂಗಿಲ್ಲ.

ಇನ್ನು ಹೋದ ಮನ್ಯಾಗ ಆಕಿದೇ ಕಾಯಿದೆ. ಬಾಣಂತಿ ಖೋಲಿಗೆ ಕಾಲಿಟ್ಟ ಕೂಡ್ಲೆ ಮೊದಲು ಕಿಟಕಿ ಹಾಕತಾಳ. ಆಮ್ಯಾಲ ಫ್ಯಾನಿನ ಸ್ವಿಚ್ ಆರಿಸಿ, ಯಾರೂ ಮುಟ್ಟಬಾರದು ಅಂತ ಅದರ ಮ್ಯಾಲ ಬಟ್ಟಿ ಚೂರು ಅಂಟಿಸತಾಳ. ಮೇ ತಿಂಗಳಾಗಲಿ, ಬೆಂಕಿ ಮಳಿಯಾಗಲಿ, ಹಸಿ ಬಾಣಂತಿ ಮೈಗೆ ಗಾಳಿ ತಾಕಬಾರದು. ಯಾವಾಕ್ಯಾರ “ಸೆಕಿ ತಡಿಯಾಕ ಆಗವಲ್ದು ಈರಮ್ಮಾ” ಅಂದ್ಲೋ, ಆಕಿ ಮೂರು ತಲಿಮಾರಿಗೂ ಸಾಕಾಗುವಷ್ಟು ಬೈಗುಳ.

ಈ ಸಿಟ್ಟು ಸುಮ್ಮನ ಬಂದದ್ದಲ್ಲ. ಶೇಖರ್ ಹುಟ್ಟೋಕಿಂತ ಮುಂಚೆ ಈರಮ್ಮಗ ಒಂದು ಹೆಣ್ಣುಕೂಸು ಹುಟ್ಟಿತ್ತು, ಕಡು ಬ್ಯಾಸಿಗ್ಯಾಗ. ಅತ್ತಿ ವಿರೂಪಮ್ಮ ಖೋಲಿ ಕಿಟಕಿಗೆ ಗೋಣಿತಟ್ಟು ತುರುಕಿ, ಹೊರಸಿನ ಕೆಳಗ ಕೆಂಡದ ಶೆಗಡಿ ಇಟ್ಟು, ತಾಯಿ-ಕೂಸಿಗೆ ಎರಡೆರಡು ಕೌದಿ ಹೊಚ್ಚಿ ಬಾಗಿಲ ಹಾಕಿದ್ಲು. ಇನ್ನೂ ಹುಡುಗಿ ಈರಮ್ಮ, ಜೀವ ತಡೀಲಿಲ್ಲ. ಒಂದು ಮಧ್ಯಾಹ್ನ ಅತ್ತಿ ಕಣ್ಣು ತಪ್ಪಿಸಿ ಗೋಣಿತಟ್ಟು ಒಂದಿಷ್ಟು ಸರಿಸಿದ್ಲು. ಅವತ್ತ ಸಂಜೀಕ ಕೂಸಿನ ಮೈ ಕೆಂಡ ಆತು, ಮರುದಿನ ಹೋತು. “ಕಿಟಕಿ ತೆಗೆದಿ, ಗಾಳಿ ಬಡೀತು. ನಿನ್ನ ಕೂಸನ್ನ ನೀನ ಕೊಂದಿ” ಅಂದ್ಲು ವಿರೂಪಮ್ಮ. ಓಣಿ ಮಂದೀನೂ ಅಂದರು. ಗಂಡ ದುರುಗಣ್ಣ ಬಾಯಿಲೆ ಅನ್ನಲಿಲ್ಲ, ಆದರ ಅಲ್ಲ ಅಂತಾನೂ ಅನ್ನಲಿಲ್ಲ. ಈರಮ್ಮ ಅದನ್ನ ನಂಬಿದ್ಲು. ಅವತ್ತಿನಿಂದ ಬಾಣಂತಿ ಖೋಲ್ಯಾಗ ಗಾಳಿ ಅಂದ್ರ ಆಕಿಗೆ ಹಗೆ, ಕಂಡೋರ ಮನಿ ಫ್ಯಾನಿನ ಮ್ಯಾಲೆಲ್ಲ ಹಗೆ.

ಈ ಸಲ ಚಳಿಗಾಲದಾಗ ಸೊಸಿ ಜ್ಯೋತಿಲಕ್ಷ್ಮಿ ದಿನಾ ತುಂಬೋಕಿಂತ ಬಾಳ ಮುಂಚೆ ಬಳ್ಳಾರಿ ಆಸ್ಪತ್ರ್ಯಾಗ ಹಡೆದ್ಲು. ಹೆಣ್ಣುಕೂಸು. ಅಂಗೈಯಾಗ ಹಿಡಿಯೋವಂಥದ್ದು, ಹಣ್ಣು ಮುದುಕಿ ಕೈಯಂಗ ಸುಕ್ಕು ಸುಕ್ಕು. ಬೆಚ್ಚನ್ನ ಪೆಟ್ಟಿಗ್ಯಾಗ ಇಟ್ಟು, ಒಂದಿಷ್ಟು ಜೀವ ಬಂದ ಮ್ಯಾಲ ಮನಿಗೆ ಬಿಟ್ಟರು. ಬಿಡುವಾಗ ನರ್ಸಮ್ಮ ಒಬ್ಬಾಕಿ ಈರಮ್ಮನ್ನ ಕೂಡಿಸಿಕೊಂಡು ಹೇಳಿದ್ಲು.

“ಅಜ್ಜೀ, ಇದರ ಮೈಯಾಗ ತನ್ನ ಬಿಸಿ ತಾನ ಹಿಡಕೊಳ್ಳೋ ಶಕ್ತಿ ಇನ್ನೂ ಬಂದಿಲ್ಲ. ತಾಯಿ ಎದಿಗೆ ಅವುಚಿಕೊಂಡ ಇರಬೇಕು. ಖೋಲಿ ಬೆಚ್ಚಗಿರಬೇಕು. ಇದ್ದಿಲು, ಲೋಬಾನ, ಯಾವ ಹೊಗೀನೂ ಬ್ಯಾಡ. ಕಾಲು ಮುಟ್ಟಿ ನೋಡ್ರಿ. ತಣ್ಣಗಾದ್ರ ತಡಾ ಮಾಡದಂಗ ಇಲ್ಲಿಗೆ ತರ್ರಿ.” ಮತ್ತ ಇನ್ನೊಂದು ಮಾತು ಸೇರಿಸಿದ್ಲು. “ಹಂಗಂತ ಬ್ಯಾಸಿಗ್ಯಾಗ ಮಾಡತೀರಲ್ಲ, ಹಂಗ ಮುಚ್ಚಿಟ್ಟು ಬೇಯಿಸಬ್ಯಾಡ್ರಿ. ಸೆಕಿ ಹತ್ತಿ ಮೈ ಸುಡಕೊಂತ ಬರೋ ಕೂಸುಗಳನ್ನ ನಾವು ಪ್ರತಿ ಬ್ಯಾಸಿಗಿ ನೋಡತೀವಿ. ಮನಿಯವರು ಗಾಳಿ ಬಡೀತು ಅಂತಾರ.”

“ನೀ ಎಷ್ಟು ಹಡೆದೀಯವ್ವಾ?” ಅಂತ ಕೇಳಿದ್ಲು ಈರಮ್ಮ. ನರ್ಸಮ್ಮ ನಕ್ಕು ಎದ್ದು ಹೋದ್ಲು.

ಆಸ್ಪತ್ರಿ ಗೇಟಿನ ಹತ್ತಿರ ಇನ್ನೊಂದು ಜಗಳ. ಮೊದಲನೇ ಬಾಣಂತನ ತವರಿನ್ಯಾಗ ಆಗಬೇಕು, ಅದು ಪದ್ಧತಿ. ಜ್ಯೋತಿಯ ತಾಯಿ ಕುರುಗೋಡಿನಿಂದ ಆಟೋ ಮಾಡಿಸಿಕೊಂಡ ಬಂದಿದ್ಲು. ಕುರುಗೋಡು ಹತ್ತಿರ, ಸಿರುಗುಪ್ಪ ದೂರ. ಕುರುಗೋಡಿನ ಮನಿ ಸಣ್ಣದು, ಮಾಳಿಗಿ ತಲಿಗೆ ತಾಕೋವಂಥದ್ದು, ತಾನ ಬೆಚ್ಚಗಿರತೈತಿ. ನ್ಯಾಯ ನೋಡಿದರ ಆಕಿ ಮಾತು ಖರೇನ ಇತ್ತು. ಈರಮ್ಮ ಕೇಳಬೇಕಲ್ಲ?

“ಊರ ಮಂದಿ ಕೂಸಿಗೆಲ್ಲ ನೀರು ಹಾಕಿದಾಕಿ ನಾನು. ನನ್ನ ಮೊಮ್ಮಗಳಿಗೆ ಬ್ಯಾರೆಯವರು ಹಾಕಬೇಕಾ? ನಗತಾರ ಮಂದಿ.”

“ಆತವ್ವಾ, ಕರ್ಕೊಂಡು ಹೋಗು” ಅಂದ್ಲು ಬೀಗತಿ. “ಐತವಾರ ಬರತೀನಿ. ಕೂಸಿನ ಕಾಲು ತಣ್ಣಗ ಹತ್ತಿದರ ಅಲ್ಲೇ ನಿಂತು ನಿನ್ನ ಬಾಯಿಗೆ ಉತ್ತರ ಕೊಟ್ಟು, ಮಗಳು ಮೊಮ್ಮಗಳು ಇಬ್ಬರನ್ನೂ ಎತ್ತಿಕೊಂಡು ಬರತೀನಿ.”

ಬಳ್ಳಾರಿ ಸೀಮ್ಯಾಗ ಚಳಿ ಅಂದ್ರ ಹೊರಗಿನವರು ನಗತಾರ. ಇಲ್ಲಿ ಇರೋದ ಎರಡು ಕಾಲ, ಬ್ಯಾಸಿಗಿ ಮತ್ತ ಬಾಳ ಬ್ಯಾಸಿಗಿ ಅಂತಾರ. ನಗಲಿ, ಬಂದು ಸಿರುಗುಪ್ಪದಾಗ ಒಂದು ಬೆಳಗು ಮುಂಜಾನೆ ನಿಂದರಲಿ. ಸುತ್ತ ನೀರು ನಿಂತ ಗದ್ದಿ, ಅತ್ತ ಕೆಂಚನಗುಡ್ಡದ ಕಡಿಂದ ಹೊಳಿ ಮ್ಯಾಲಿನ ಗಾಳಿ. ಆ ತಂಪು ಗೋದಾಮಿನ ಬಂಡಿಗಲ್ಲಿನ ನೆಲಕ್ಕ ಇಳಿದು ಕುಂತರ ಬಿಸಿಲು ಬಿದ್ದರೂ ಏಳಂಗಿಲ್ಲ.

ಈರಮ್ಮ ತನಗ ಗೊತ್ತಿದ್ದದ್ದೆಲ್ಲ ಮಾಡಿದ್ಲು. ಕಿಟಕಿ ಹಾಕಿ, ಮ್ಯಾಲಿನ ಗವಾಕ್ಷಿಗೆ ಶೇಖರನ ಕೈಲೆ ಗೋಣಿಚೀಲ ತುರುಕಿಸಿದ್ಲು. ಶೆಗಡಿ ಬ್ಯಾಡ ಅಂದದ್ದಕ್ಕ ನರ್ಸಮ್ಮಗ ನಾಕು ಬೈದು, ಕಾಯಿಲ್ ಹೀಟರ್ ತರಿಸಿದ್ಲು. ಸೊಸಿಗೆ ಕಿವಿ ಮುಚ್ಚಿ ಬಟ್ಟಿ ಕಟ್ಟಿ, ಕೂಸಿಗೆ ಕುಲಾಯಿ ಹಾಕಿ, ಎದಿಗೆ ಅವುಚಿಸಿ, ಮ್ಯಾಲ ಕೌದಿ ಹೊಚ್ಚಿದ್ಲು. ಹೀಟರು ಕೆಂಪಗ ಉರಿಯೋದು ಉರೀತಿತ್ತು. ಖೋಲಿ ಮಾತ್ರ ಬೆಚ್ಚಗಾಗವಲ್ದು. ಸೊಸಿ ಹಲ್ಲು ಕಡಕಡ ಅನ್ನತಿದ್ವು. ಕೂಸಿನ ಕಾಲು ಮುಟ್ಟಿದರ ಬೆಚ್ಚಗೂ ಅಲ್ಲ, ಪೂರಾ ತಣ್ಣಗೂ ಅಲ್ಲ. ಈರಮ್ಮ ಗಳಿಗಿಗೊಮ್ಮೆ ಮುಟ್ಟಿ ಮುಟ್ಟಿ, ತನ್ನ ಕೈಯ ತಣ್ಣಗೈತೋ ಕೂಸಿನ ಕಾಲ ತಣ್ಣಗೈತೋ ಗೊತ್ತಾಗದಂಗ ಆತು.

ಶನಿವಾರ ಮುಂಜಾನೆ ಶೇಖರ್ ಕೆಲಸಕ್ಕ ಹೋಗಾಕ ನಿಂತಂವ ತಲಿ ಎತ್ತಿ ಮ್ಯಾಲ ನೋಡಿದ.

“ಯವ್ವಾ, ಬಿಸಿಯೆಲ್ಲ ಮ್ಯಾಲ ಹೋಗಿ ಕುಂದರತೈತಿ. ಮಿಲ್ಲಿನ್ಯಾಗ ದಿನಾ ನೋಡತೀನಲ್ಲ. ಈ ಫ್ಯಾನು ಹೆಂಗೂ ಉಲ್ಟಾ ತಿರುಗತೈತಿ, ಕೆಳಗ ಗಾಳಿ ಬಡಿಯಂಗಿಲ್ಲ. ಸಣ್ಣಗ ಬಿಟ್ಟರ ಮ್ಯಾಲಿನ ಬಿಸಿ ಗ್ವಾಡಿಗುಂಟ ಕೆಳಗ ಇಳೀತೈತಿ.”

ಈರಮ್ಮ ಕೈಯಾಗಿನ ತಂಬಿಗಿ ಕೆಳಗ ಕುಕ್ಕಿದ್ಲು.

“ಏನಂದಿ? ಚಳಿಗಾಲದಾಗ, ಹಸಿ ಬಾಣಂತಿ ಖೋಲ್ಯಾಗ, ಫ್ಯಾನು? ಲೇ, ನಿನಗ ನಾನು ಹಾಲು ಕುಡಿಸೀನೋ ಹೆಂಡ ಕುಡಿಸೀನೋ? ಭತ್ತ ಒಣಗಿಸಿ ಒಣಗಿಸಿ ತಲಿ ಒಣಗೈತಿ ನಿಂದು. ಇದು ಭತ್ತಲ್ಲ, ಕೂಸು.”

“ಕೇಳು ಯವ್ವಾ…”

“ಕೇಳಂಗಿಲ್ಲ. ಗಾಳಿ ಏನು ಮಾಡತೈತಿ ಅಂತ ನಿನಗಿಂತ ಮುಂಚೆ ನನಗ ಗೊತ್ತೈತಿ.”

ಶೇಖರಗ ಸತ್ತ ಅಕ್ಕನ ಸುದ್ದಿ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಹೋದ.

ಮಗ ಹೋದರೂ ಸಿಟ್ಟು ಹೋಗಲಿಲ್ಲ. ಹುಡುಗಂದು ಭರೋಸ ಏನೈತಿ? ತಾನು ಬಚ್ಚಲದಾಗ ಇದ್ದಾಗ, ಬಟ್ಟಿ ಒಗಿಯಾಕ ಹೋದಾಗ, ಸ್ವಿಚ್ ಒತ್ತಿಬಿಟ್ಟರ? ಬಟ್ಟಿ ಚೂರು ಅಂಟಿಸಿದರ ಕಿತ್ತು ಒಗೀತಾನ. ಫ್ಯಾನಿನ ರೆಕ್ಕಿಗೇ ಹಗ್ಗ ಹಾಕಿ ಮಾಳಿಗಿ ಕೊಂಡಿಗೆ ಬಿಗಿದುಬಿಟ್ಟರ ಪೀಡಾನ ಹೋತು. ಗವಾಕ್ಷಿ ಮುಚ್ಚಾಕ ತಂದಿದ್ದ ಮಿಲ್ಲಿನ ಏಣಿ ಹೊರಗ ಇನ್ನೂ ಒರಗಿತ್ತು. ಅದನ್ನ ಕರ್ರ್ ಅಂತ ಎಳಕೊಂಡು ಬಂದು ಖೋಲಿ ನಡುವ ನಿಂದರಿಸಿದ್ಲು, ಹಗ್ಗ ಹೆಗಲಿಗೆ ಹಾಕಿಕೊಂಡ್ಲು, ಸೀರಿ ಮ್ಯಾಲೆತ್ತಿ ಕಚ್ಚಿ ಕಟ್ಟಿದ್ಲು.

“ಅತ್ತಿ, ಬ್ಯಾಡ್ರಿ. ಬಿದ್ದರ ಯಾರು ಹಿಡಿಯೋರು? ನಾನು ಏಳಂಗಿಲ್ಲ” ಅಂದ್ಲು ಜ್ಯೋತಿ ಹೊರಸಿನ ಮ್ಯಾಲಿಂದ.

“ಬೀಳಾಕ ನಾನೇನು ಎರ್ರಣ್ಣನಾ? ನೀ ಕೂಸು ಹಿಡಕೊಂಡು ಸುಮ್ಮನ ಕುಂದರು.”

ಮೆಟ್ಟಲಿಗೊಂದು ಬೈಗುಳ ಅಂತ ಹತ್ತಿದ್ಲು. ಮೊದಲನೇದು ಮಗಗ, ಆಮ್ಯಾಲ ಎರ್ರಣ್ಣಗ, ಆಮ್ಯಾಲ ನರ್ಸಮ್ಮಗ, ಬೀಗತಿಗೆ, ಮನಿ ಕೊಟ್ಟ ಮಾಲಕಗ. ಅರ್ಧ ಏಣಿ ದಾಟಿದ ಮ್ಯಾಲ ಬೈಗುಳ ಸಣ್ಣಗಾತು. ಫ್ಯಾನಿನ ರೆಕ್ಕಿ ಕೈಗೆ ಸಿಗುವಷ್ಟು ಎತ್ತರಕ್ಕ ಹೋದಾಗ ಬಾಯಿ ನಿಂತಹೋತು.

ಮಾರಿಗೆ ಬಿಸಿ ಬಡೀತು. ಸುಳ್ಳಲ್ಲ, ರೊಟ್ಟಿ ಬಡಿಯುವಾಗ ಒಲಿ ಮುಂದ ಕುಂತಂಗ. ಕೆಳಗ ಬಂಡಿ ಮ್ಯಾಲ ಕಾಲಿಟ್ಟರ ಹೆಪ್ಪುಗಟ್ಟತಾವ, ಇಲ್ಲಿ ತಲಿ ಬೆವರಾಕ ಹತ್ತಿತು. ಇಷ್ಟು ದಿನ ಹೀಟರು ಉರಿದದ್ದೆಲ್ಲ ಇಲ್ಲಿ ಬಂದು ಕುಂತಿತ್ತು. ಗೋಣಿಚೀಲ ತುರುಕಿದ ಗವಾಕ್ಷಿ ಹತ್ತಿರ ಹಲ್ಲಿ ಒಂದು ಬೆಚ್ಚಗ ಮಲಗಿತ್ತು. ಮೊಮ್ಮಗಳಿಗೆ ಅಂತ ಹಚ್ಚಿದ ಬಿಸಿ ಹಲ್ಲಿಗೆ ಬಾಣಂತನ ಮಾಡತಿತ್ತು.

ಬೈಯಾಕ ಬಾಯಿ ತೆಗೆದ್ಲು. ಉಸಿರು ಎಳಕೊಂಡ್ಲು. ಆ ಉಸಿರು ಮೂಗಿನಾಗ ಒಣಗಿ ಕಚ್ಚಿತು. ಗೋಣಿ ವಾಸನಿ, ಮುಚ್ಚಿದ ಖೋಲಿ ವಾಸನಿ, ಕುತ್ತಿಗ್ಯಾಗ ಇಳಿಯೋ ಬೆವರು. ಈರಮ್ಮ ಏಣಿ ಗಟ್ಟಿ ಹಿಡಕೊಂಡ್ಲು. ಈ ಬಿಸಿ ಆಕಿಗೆ ಗೊತ್ತಿತ್ತು. ಅವತ್ತ ಆ ಖೋಲ್ಯಾಗ ಇದ್ದದ್ದು ಇದ. ಇದಕ್ಕ ಹತ್ತು ಪಾಲು ಹೆಚ್ಚಿಗಿ. ಮ್ಯಾಲ ಬಿಸಿಲಿಗೆ ಕಾದ ಬಂಡಿಗಲ್ಲಿನ ಮಾಳಿಗಿ, ಕೆಳಗ ಶೆಗಡಿ, ನಡುವ ಎರಡು ಕೌದ್ಯಾಗ ಒಂದು ಹಸಿಗೂಸು. ಚಳಿಗಾಲದ ಮುಂಜಾನೆ ಇಷ್ಟು ಬಿಸಿಗೆ ಬೆಳೆದ ಹೆಂಗಸಾದ ತನಗ ಜೀವ ಚಡಪಡಸತೈತಿ. ಆ ಕೂಸು ಬಾಯಿ ತೆಗೆದು ಹೇಳೋದು ಹೆಂಗ?

ಮೈ ಸುಡಕೊಂತ ಬರತಾವ, ಮನಿಯವರು ಗಾಳಿ ಬಡೀತು ಅಂತಾರ. ನರ್ಸಮ್ಮನ ಮಾತು ಅಲ್ಲಿ, ಆ ಏಣಿ ಮ್ಯಾಲ, ಈರಮ್ಮನ ಎದಿಗೆ ಬಂದು ನಾಟಿತು.

ಕಿಟಕಿ ತೆಗೆದದ್ದು ಮಧ್ಯಾಹ್ನ. ಅದಕ್ಕಿಂತ ಮುಂಚೆ, ಆ ಮುಂಜಾನೇನ, ಕೂಸು ಹಾಲು ಕುಡಿಯೋದು ಬಿಟ್ಟಿತ್ತು. ಅದು ಈಗ ನೆನಪಾತು. ಇಷ್ಟು ವರ್ಷ ಯಾಕ ನೆನಪಾಗಲಿಲ್ಲ? ಅತ್ತಿ ಒಂದು ಮಾತು ಅಂದ್ಲು, ಆ ಮಾತಿನ ಕೆಳಗ ಉಳಿದದ್ದೆಲ್ಲ ಮುಚ್ಚಿಹೋಗಿತ್ತು.

“ಅತ್ತಿ, ಇಳೀರಿ. ಎಷ್ಟೊತ್ತು ಅಲ್ಲೇ ನಿಂದರತೀರಿ” ಅಂತ ಕೆಳಗಿಂದ ಜ್ಯೋತಿ ಕೂಗತಿದ್ಲು.

ಈರಮ್ಮ ಇಳಿದ್ಲು. ಹಗ್ಗ ಹೆಗಲ ಮ್ಯಾಲ ಹಂಗ ಇತ್ತು, ತೆಗೆದು ಮೂಲಿಗೆ ಒಗೆದ್ಲು. ಏಣಿ ಸರಿಸಿದ್ಲು. ಸೀದಾ ಹೋಗಿ ಸ್ವಿಚ್ ಹಾಕಿ, ರೆಗ್ಯುಲೇಟರ್ ಒಂದಕ್ಕ ತಿರುಗಿಸಿದ್ಲು.

ಜ್ಯೋತಿ ಕೂಸನ್ನ ಇನ್ನಷ್ಟು ಅವುಚಿಕೊಂಡ್ಲು. ಮದಿವಿ ಆಗಿ ಬಂದ ದಿನದಿಂದ ಈ ಮನ್ಯಾಗ ಕೇಳಿದ್ದು ಬಾಣಂತಿಗೆ ಗಾಳಿ ಆಗಬಾರದು ಅನ್ನೋ ಮಾತು.

ಫ್ಯಾನು ಕಿರ್ರ್ ಅಂತ ಒದರಿ, ಬ್ಯಾಡ ಬ್ಯಾಡ ಅನ್ನಕೊಂತ ತಿರುಗಾಕ ಹತ್ತಿತು, ಉಲ್ಟಾ. ಈರಮ್ಮ ಹೊರಸಿನ ಮಗ್ಗಲಿಗೆ ನಿಂತು, ಸೆರಗಿನ ತುದಿ ಎರಡು ಬೆರಳಿನಾಗ ಹಿಡಿದು ಕೂಸಿನ ಮ್ಯಾಲ ಇಳಿಬಿಟ್ಟು ನೋಡಿದ್ಲು. ಸೆರಗು ಅಲುಗಲಿಲ್ಲ. ಸಿರುಗುಪ್ಪದಾಗ ಇದ್ದಬದ್ದ ಫ್ಯಾನಿನ್ಯಾಗ ಕೂಸಿಗೆ ಗಾಳಿ ಬಡಿಯದಂಗ ತಿರುಗೋದು ಇದೊಂದ ಇರಬೇಕು. “ಆ ಎರ್ರಣ್ಣನ ಕೈ ಮುರಿಯ” ಅಂದ್ಲು. ಆದರ ಈ ಸಲ ಬೈಗುಳದಾಗ ಕಸುವಿರಲಿಲ್ಲ.

ಬಿಸಿ ಒಮ್ಮಿಗಿಲೆ ಇಳೀಲಿಲ್ಲ. ಈರಮ್ಮ ಗ್ವಾಡಿಗೆ ಕೈ ಹಚ್ಚಿಕೊಂಡು ಕುಂತ್ಲು. ಹೊತ್ತು ಏರಿ, ಮಿಲ್ಲಿನ ಸೈರನ್ ಆಗೋ ಹೊತ್ತಿಗೆ ಗ್ವಾಡಿಗುಂಟ ಒಂದು ಬೆಚ್ಚನ್ನ ಸುಳಿವು ಕೆಳಗ ಬಂತು. ಜ್ಯೋತಿ ಹಲ್ಲು ಕಡಿಯೋದು ನಿಂತು, ಕಿವಿಗೆ ಕಟ್ಟಿದ ಬಟ್ಟಿ ತಾನ ಸಡಲು ಮಾಡಿಕೊಂಡ್ಲು. ಕೂಸಿನ ಕಾಲು ಮುಟ್ಟಿದರ ಬೆಚ್ಚಗಿದ್ವು. ಇನ್ನೊಮ್ಮೆ ಮುಟ್ಟಿದ್ಲು. ಬೆಚ್ಚಗ ಇದ್ವು.

ಆವಾಗ ಈರಮ್ಮ ಎದ್ದು ಹಿತ್ತಲಕ್ಕ ಹೋಗಿ ತಿಕ್ಕಿದ ಪಾತ್ರಿನೆಲ್ಲ ಮತ್ತ ತಿಕ್ಕಿದ್ಲು. ಬೋಗಾಣಿ ತಳ ಹರಿಯುವಂಗ ತಿಕ್ಕಿದ್ಲು. ಅಟ್ಟ ಮ್ಯಾಲ ಒಲಿ ಉರೀತು, ಕೆಟ್ಟ ಮ್ಯಾಲ ಬುದ್ಧಿ ಬಂತು ಅನ್ನತಾರಲ್ಲ, ಹಂಗ. ಯಾರ ಮ್ಯಾಲ ಹೋಗಬೇಕು ಈ ಸಿಟ್ಟು? ವಿರೂಪಮ್ಮ ಸತ್ತು ಮಣ್ಣಾಗ್ಯಾಳ. ದುರುಗಣ್ಣನೂ ಹೋದ. ಆ ಓಣಿ ಮಂದಿ ಯಾರು ಎಲ್ಲೋ. ಉಳಿದದ್ದು ಒಳಗ ಗ್ವಾಡಿ ಮ್ಯಾಲ, ಬಾಬಾಸಾಹೇಬರ ಫೋಟೋದಿಂದ ಒಂದಿಷ್ಟು ದೂರ, ಅತ್ತಿಯದೊಂದು ಹಳೇ ಫೋಟೋ. ಪಾತ್ರಿ ತಿಕ್ಕಿದ ಕೈಲೆನ ಒಳಗ ಬಂದು ಅದರ ಮುಂದ ನಿಂತ್ಲು.

“ಬ್ಯಾಸಿಗ್ಯಾಗ ಶೆಗಡಿ ಇಟ್ಟಾಕಿ ನೀನು. ಕೊಂದಾಕಿ ಅನ್ನಿಸಿಕೊಂಡಾಕಿ ನಾನು. ಇಷ್ಟು ವರ್ಷ ನಿನ್ನ ಮಾತು ನಂಬಿ, ಕಂಡೋರ ಮನಿ ಕಿಟಕಿನೆಲ್ಲ ಹಾಕಿಕೊಂತ ಅಡ್ಡಾಡಿದೆ. ಎಷ್ಟು ಹೆಣ್ಣುಮಕ್ಕಳು ನನ್ನ ಮುಂದ ಸೆಕಿ ಸೆಕಿ ಅಂತ ಅತ್ತರು, ನಾನು ಬೈದೆ.”

ಜ್ಯೋತಿ ಕೂಸು ಅವುಚಿಕೊಂಡು ಕೇಳಿದ್ಲು.

ಐತವಾರ ಹೇಳಿದಂಗ ಬೀಗತಿ ಬಂದ್ಲು, ಕೈಯಾಗ ಬಾಣಂತಿ ಖಾರದ ಡಬ್ಬಿ, ಬಗಲಾಗ ಕೌದಿ. ಹೊಸ್ತಿಲ ದಾಟಿದಾಕಿ ಒಂದು ಸಲ ಮಗಳ ಕಡೆ, ಒಂದು ಸಲ ಮ್ಯಾಲ ನೋಡಿದ್ಲು. ಕೌದಿ ಕೈಯಿಂದ ಜಾರಿ ಬಿತ್ತು.

“ಫ್ಯಾನು? ಬಾಣಂತಿ ಖೋಲ್ಯಾಗ ಫ್ಯಾನು? ಈರಮ್ಮಾ, ಊರಿಗೆಲ್ಲ ಬುದ್ಧಿ ಹೇಳಾಕಿ ನೀನು. ತಲಿ ಕೆಟ್ಟೈತೇನು? ಗಾಳಿ ಬಡಿದು ಕೂಸು ಹೋದರ ಯಾರು ಹೊಣಿ?”

ಶೇಖರ್ ಎದ್ದು ನಿಂತ. ಅವ್ವನ ಬಾಯಿ ಈಗ ಬಿಚ್ಚತೈತಿ, ಬೀಗತಿ ಕುರುಗೋಡಿನ ತನಕ ಅಳಕೊಂತ ಹೋಗತಾಳ ಅಂತ ಅವಗ ಖಾತ್ರಿ ಇತ್ತು.

ಈರಮ್ಮ ಬೈಯಲಿಲ್ಲ. ಎದ್ದು ಬಂದು ಬೀಗತಿ ಮುಂಗೈ ಹಿಡಿದ್ಲು. ಬಿಗಿಯಾಗೇ ಹಿಡಿದ್ಲು. ಹೊರಸಿನ ತನಕ ಎಳಕೊಂಡು ಹೋಗಿ, ಕೌದಿ ಸರಿಸಿ, ಆ ಕೈ ಒಯ್ದು ಕೂಸಿನ ಕಾಲ ಮ್ಯಾಲ ಇಟ್ಲು.

“ಹಿಡಿದು ನೋಡು. ಬಾಯಿಲೆ ಗಾಳಿ ಗಾಳಿ ಅನ್ನೋದು ಆಮ್ಯಾಲ, ಮೊದಲು ಹಿಡಿದು ನೋಡು.”

ಬೀಗತಿ ಹಿಡಿದ್ಲು. ಪುಟ್ಟ ಪಾದ, ಬೆಚ್ಚಗ, ಆಕಿ ಬೆರಳಿನಾಗ ಒಮ್ಮೆ ಒದ್ದು ಸುಮ್ಮನಾತು. ಬೀಗತಿ ಕೈ ಬಿಡಲಿಲ್ಲ.

“ನನ್ನ ಮಗಳ ಕಾಲು ಸುಡತಿದ್ವು” ಅಂದ್ಲು ಈರಮ್ಮ. “ಮನಿ ತುಂಬ ಮಂದಿ ಇದ್ದರು. ಎಲ್ಲಾರೂ ಗಾಳಿ ಬಡೀತು ಅಂದರು. ಒಬ್ಬರೂ ಕಾಲು ಹಿಡಿದು ನೋಡಲಿಲ್ಲ.”